ಒಂದೇ ಹಾಳೆಯ ದೂರು

ಭಾನುವಾರದ ಪೂಜೆಯಲ್ಲಿ ಫಾದರ್ ಒಂದು ಗಂಟೆ ಹತ್ತು ನಿಮಿಷ ಪ್ರಬೋಧನೆ ಮಾಡಿದ್ದರಿಂದ ಬೇಕರಿಯವನ ಭಟ್ಟಿಯಲ್ಲಿದ್ದ ನಲವತ್ತು ಬ್ರೆಡ್ಡು ಇದ್ದಿಲಾದವು. ಬ್ರೆಡ್ಡು ಒಳಗಿಟ್ಟು ಚರ್ಚಿಗೆ ಬಂದದ್ದು ಅವನದೇ ತಪ್ಪಿರಬಹುದು. ಆದರೆ ಸೋಮವಾರ ಬೆಳಗ್ಗೆ ಅವನು ಆ ಇದ್ದಿಲಿನ ಟ್ರೇ ಹೊತ್ತು ಫಾದರ್ ಮನೆಯ ಜಗಲಿಗೆ ಬಂದಾಗ ಹಾಗೆನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಜಗಲಿಯಲ್ಲಿ ದಿನಾ ಜನರ ಸಾಲು. ಚರಂಡಿ, ಬೀದಿದೀಪ, ಪಿಂಚಣಿ, ಏನೇ ಇರಲಿ, ಊರಿಗೆಲ್ಲ ಅರ್ಜಿ ಬರೆದುಕೊಡುವವರು ಫಾದರ್. ಇಪ್ಪತ್ತು ವರ್ಷದಲ್ಲಿ ಅವರು ಬರೆದ ಒಂದು ಅರ್ಜಿಯೂ ವ್ಯರ್ಥವಾಗಿಲ್ಲ, ಬಂದವರನ್ನು ಅವರು ವಾಪಸ್ ಕಳಿಸಿದ್ದೂ ಇಲ್ಲ.

"ಒಂದು ದೂರು ಬರ್ಕೊಡಿ ಫಾದರ್. ಬಿಷಪ್ಪರಿಗೆ."

"ಯಾರ ಮೇಲಪ್ಪಾ?"

"ನಿಮ್ಮ ಮೇಲೆ."

ಫಾದರ್ ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಹಾಕಿದರು. ಊಟ ಬಿಟ್ಟಾರು, ನಿದ್ದೆ ಬಿಟ್ಟಾರು, ಭಾನುವಾರದ ಪ್ರಬೋಧನೆ ಬಿಟ್ಟರೆ ಅವರಿಗೆ ಜೀವವೇ ಹೋದಂತೆ. ಇನ್ನೊಂದು ದೂರು ಬಂದರೆ ಆ ಪ್ರಬೋಧನೆಗೇ ಕತ್ತರಿ ಹಾಕುತ್ತೇನೆಂದು ಬಿಷಪ್ಪರು ಹೋದ ವರ್ಷವೇ ಎಚ್ಚರಿಸಿದ್ದರು.

"ಬೇರೆ ಯಾರ ಹತ್ರಾನಾದ್ರೂ ಬರೆಸ್ಕೋಬಾರ್ದಾ?"

"ಬೇರೆಯವ್ರು ಬರೆದ್ರೆ ಕೆಲ್ಸ ಆಗುತ್ತಾ ಫಾದರ್?"

ನಿಜವೇ. ಫಾದರ್ ಉಪಾಯ ಹೂಡಿದರು. 'ನಮ್ಮ ಫಾದರ್ ಬಹಳ ಒಳ್ಳೆಯವರು. ಅಪರೂಪಕ್ಕೊಮ್ಮೆ ಎರಡು ಮಾತು ಹೆಚ್ಚಾಗುತ್ತದೆ' ಎಂದು ಬರೆದರು. ಸಾಲಿನಲ್ಲಿದ್ದ ನಿವೃತ್ತ ಟೀಚರಮ್ಮ ಕನ್ನಡಕ ಏರಿಸಿ ಅದನ್ನು ಓದಿದರು.

"ಇದು ದೂರೋ, ಸನ್ಮಾನ ಪತ್ರಾನೋ? ಚರಂಡಿ ಮೇಲೆ ಎಷ್ಟು ಚೆನ್ನಾಗಿ ಬರ್ದಿದ್ರಿ. ಯಾಕೋ ನಿಮ್ಮ ಬರವಣಿಗೆ ಹಿಡಿತ ತಪ್ಪಿದೆ ಬಿಡಿ."

ಈ ಮಾತು ಫಾದರ್‌ಗೆ ಚುರುಕ್ಕೆಂದಿತು. ಹಾಳೆಯನ್ನು ಹರಿದೆಸೆದು ಅಂಗಿಯ ತೋಳು ಮಡಚಿದರು.

"ಬಾಯಿಗೆ ಬಂದಿದ್ದನ್ನ ಬರೆದ್ರೆ ಆಗಲ್ಲ. ದಿನಾಂಕ ಬೇಕು, ಸಾಕ್ಷಿ ಬೇಕು. ಒಂದೇ ಹಾಳೇಲಿ ಮುಗೀಬೇಕು, ದೊಡ್ಡವರಿಗೆ ಪುರುಸೊತ್ತಿರಲ್ಲ. ನಿದ್ದೆ ಹೋದವ್ರು ಎಷ್ಟು ಜನ?"

"ಹದಿನೇಳು," ಎಂದರು ಟೀಚರಮ್ಮ.

"ಇಪ್ಪತ್ತಮೂರು. ನಾನು ಎದುರಿಗೇ ನಿಂತಿರ್ತೀನಲ್ಲ, ನಂಗೆ ಕಾಣುತ್ತೆ."

ಏಳೇ ವಾಕ್ಯದಲ್ಲಿ ದೂರು ಸಿದ್ಧವಾಯಿತು. ಓದಿದವರಿಗೆಲ್ಲ ಫಾದರ್ ಮೇಲೆ ಹೊಸದಾಗಿ ಸಿಟ್ಟು ಬಂತು. ಸಾಲಿನಲ್ಲಿದ್ದವರೆಲ್ಲ ಸಹಿ ಹಾಕಿದರು. ಒಳಗಿಂದ ಅಡುಗೆಯಾಕೆಯೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ನೀನೂನಾ?" ಎಂದರು ಫಾದರ್.

"ಭಾನುವಾರ ಒಲೆ ಮೇಲಿಟ್ಟಿದ್ದು ಒಂದಿನಾನಾದ್ರೂ ತಳ ಹಿಡೀದೆ ಉಳಿದಿದ್ಯಾ ಫಾದರ್?"

ಬೇಕರಿಯವ ಹಾಳೆಯನ್ನು ತಲೆಕೆಳಗಾಗಿ ಹಿಡಿದು, ಬಹಳ ಹೊತ್ತು ನೋಡಿ, "ಚೆನ್ನಾಗಿದೆ," ಎಂದ. ಅಷ್ಟರಲ್ಲಿ ಬಿಷಪ್ಪರ ಊರಿಗೆ ಹೋಗುವ ಬಸ್ಸು ಹೊರಟುಹೋಗಿತ್ತು.

"ನೀವೇ ಸ್ಕೂಟರಲ್ಲಿ ಬಿಟ್ಟುಬಿಡಿ ಫಾದರ್."

ಫಾದರ್‌ಗೆ ಇಲ್ಲ ಅನ್ನುವ ಅಭ್ಯಾಸವೇ ಇಲ್ಲ. ಹಿಂದಿನ ಸೀಟಿನಲ್ಲಿ ಬೇಕರಿಯವ, ಅವನ ತೊಡೆಯ ಮೇಲೆ ಇದ್ದಿಲಿನ ಟ್ರೇ. ದಾರಿಯಲ್ಲಿ ಫಾದರ್ ಅವನಿಂದ ಒಂದೇ ಮಾತು ತೆಗೆದುಕೊಂಡರು. "ಬರ್ದಿದ್ದು ನಾನು ಅಂತ ಮಾತ್ರ ಬಾಯಿಬಿಡ್ಬೇಡ, ಮಾನ ಹೋಗುತ್ತೆ."

ಬಿಷಪ್ಪರು ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ದೂರನ್ನು ಎರಡು ಸಲ ಓದಿದರು. ಒಂದು ಬ್ರೆಡ್ಡನ್ನು ಮೇಜಿಗೆ ಕುಟ್ಟಿದರು. ಮೇಜಿಗೆ ಗಾಯವಾಯಿತು.

"ಇಷ್ಟು ಚಿಕ್ಕದಾಗಿ, ಇಷ್ಟು ಚೊಕ್ಕವಾಗಿ ಬರೆದವರು ಯಾರು?"

ಹೊಗಳಿಕೆ ಕೇಳಿ ಫಾದರ್‌ಗೆ ನಿಜ ನಾಲಿಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ಬೇಕರಿಯವ ಕೊಟ್ಟ ಮಾತು ಉಳಿಸಿಕೊಂಡ.

"ನಾನೇ."

"ನೋಡಿ ಫಾದರ್, ಮನೆ ಬಾಗಿಲಲ್ಲೇ ಇಂಥವರಿದ್ದಾರೆ. ಇನ್ಮೇಲೆ ನಿಮ್ಮ ಪ್ರಬೋಧನೆಯನ್ನ ಮೊದಲು ಇವರಿಗೆ ತೋರಿಸಿ. ಇವರು ಕತ್ತರಿಸಿ ಉಳಿಸಿದಷ್ಟನ್ನೇ ಹೇಳಿ."

ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಬೇಕರಿಯವ ಮುಂದಕ್ಕೆ ಬಾಗಿದ.

"ಫಾದರ್, ನಂಗೆ ಓದೋಕೇ ಬರಲ್ವಲ್ಲ."

ಫಾದರ್‌ಗೆ ಹೋದ ಜೀವ ಬಂತು. "ಅದಕ್ಕೇನಂತೆ? ನೋಡ್ದೆ ಅಂತ ಒಂದು ಸಹಿ ಹಾಕ್ಬಿಡು."

"ಛೆ, ಬಿಷಪ್ಪರ ಮಾತಿಗೆ ಮೋಸ ಮಾಡೋದಾ? ಶನಿವಾರ ಬೇಕರಿಗೆ ಬಂದು ನೀವೇ ಓದಿ ಹೇಳಿ. ಭಟ್ಟೀಲಿಟ್ಟ ಬನ್ನು ಬೇಯೋದ್ರೊಳಗೆ ಮುಗೀಬೇಕು, ಹತ್ತು ನಿಮಿಷ."

"ಮುಗೀದಿದ್ರೆ?"

"ಇನ್ನೊಂದು ದೂರು ಕೊಡ್ತೀನಿ," ಎಂದ ಬೇಕರಿಯವ, ಟ್ರೇ ಸರಿಮಾಡಿಕೊಳ್ಳುತ್ತ. "ನೀವಿದ್ದೀರಲ್ಲ ಬರೆಯೋಕೆ."