ಸಾಲ್ಟ್ ಲೇಕಿನಲ್ಲಿ ಕಟ್ಟಿದ ಈಜಿಪ್ಟ್

ಕೆಲವರನ್ನು ನಗೆಪಾಟಲಿನ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ, ಕೆಲವರು ತಾವೇ ಅವನ್ನು ಹುಡುಕಿಕೊಂಡು ಹೋಗುತ್ತಾರೆ. ನಾನಂತೂ ಸಂಬಳ ತೆಗೆದುಕೊಂಡು ದಿನಾ ಬೆಳಿಗ್ಗೆ ಅವುಗಳ ಮುಂದೆ ಹಾಜರಾಗುತ್ತಿದ್ದೆ.

ಬಂಗಾಳದಲ್ಲಿ ಎಡರಂಗದ ಸರಕಾರ ಇನ್ನೂ ಗಟ್ಟಿಯಾಗಿ ಕೂತಿದ್ದ ಕಾಲ. ಸಾಲ್ಟ್ ಲೇಕಿನ ಸೆಕ್ಟರ್ ಫೈವಿನಲ್ಲಿ ಕಂಪ್ಯೂಟರ್ ಕಂಪನಿಗಳು ಒಂದೊಂದಾಗಿ ತಲೆ ಎತ್ತುತ್ತಿದ್ದವು. ಅಂಥ ಒಂದು ಸಣ್ಣ ಆಫೀಸಿನಲ್ಲಿ ನನ್ನ ಕೆಲಸ. ಪರದೇಶದ ಕಂಪನಿಯೊಂದು ಕಂಪ್ಯೂಟರ್ ಆಟ ಮಾಡಿಸುತ್ತಿತ್ತು. ಆಡುವವನು ಹಳೆಯ ಕಾಲದ ಒಂದು ನಾಡನ್ನು ಆರಿಸಿಕೊಂಡು, ಸಣ್ಣ ಹಳ್ಳಿಯಿಂದ ಶುರು ಮಾಡಿ ಸಾಮ್ರಾಜ್ಯದವರೆಗೆ ಬೆಳೆಸಬೇಕು. ಅಕ್ಕಪಕ್ಕದ ನಾಡುಗಳ ಜೊತೆ ವ್ಯಾಪಾರ, ಜಗಳ, ಯುದ್ಧ ಎಲ್ಲ ಉಂಟು. ರೋಮ್, ಚೀನಾ ಎಲ್ಲ ಬೇರೆಯವರ ಪಾಲಾಗಿ ನಮ್ಮ ಪಾಲಿಗೆ ಬಂದದ್ದು ಪ್ರಾಚೀನ ಈಜಿಪ್ಟ್. ಅದರ ನದಿ, ದೇವರು, ಜನ, ಆ ಜನರ ಗುಣಾವಗುಣ ಎಲ್ಲವನ್ನೂ ನಾವು ಹೊಂದಿಸಿ ಕೊಡಬೇಕು. ನಾನು ಎಂ.ಎ.ಯಲ್ಲಿ ಓದಿದ್ದು ಹೊಯ್ಸಳರನ್ನು. ಸಂದರ್ಶನದಲ್ಲಿ ಹಾಗಂತ ಹೇಳಿದರೆ ನಮ್ಮ ಮುಖ್ಯಸ್ಥರು, "ಎರಡೂ ಹಳೆಯವೇ ತಾನೇ?" ಅಂದು ನನ್ನನ್ನು ಇಡೀ ಈಜಿಪ್ಟಿನ ಇತಿಹಾಸಕ್ಕೆ ಜವಾಬ್ದಾರಳನ್ನಾಗಿ ಮಾಡಿದರು.

ನಾವು ಉಡುಪಿ ಕಡೆಯವರು. ಇವರು, ಅಂದರೆ ನನ್ನ ಗಂಡ, ಬ್ಯಾಂಕಿನವರು. ಮದುವೆಯಾದ ಹೊಸತರಲ್ಲಿ ನಮ್ಮಿಬ್ಬರನ್ನೂ ಕಲ್ಕತ್ತೆಗೆ ತಂದ ಬ್ಯಾಂಕು, ನಾನು ಕೆಲಸಕ್ಕೆ ಸೇರಿ ಕುರ್ಚಿ ಬಿಸಿಯಾಗುವ ಮೊದಲೇ ಇವರೊಬ್ಬರನ್ನು ಮಾತ್ರ ಎತ್ತಿ ಅಸ್ಸಾಮಿನ ಚಹಾ ತೋಟಗಳ ನಡುವಿನ ಶಾಖೆಯೊಂದಕ್ಕೆ ಹಾಕಿತು. ವಾಪಸ್ ವರ್ಗ ಮಾಡಿ ಅಂತ ಇವರು ಕೇಳಿಕೊಂಡಿದ್ದರು, ಮೇಲಿನವರಿಂದ ಉತ್ತರವಿಲ್ಲ. ಈಜಿಪ್ಟನ್ನು ಅರ್ಧಕ್ಕೆ ಬಿಟ್ಟು ನಾನು ಹೋಗುವ ಹಾಗಿಲ್ಲ. ಆದ್ದರಿಂದ ಮುಂದೆ ನಾನು ಎಷ್ಟೇ ನಗಿಸಿದರೂ, ಆ ದಿನಗಳಲ್ಲಿ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ನನಗೆ ಬೇಕಾಗಿದ್ದದ್ದು ಒಬ್ಬ ಮನುಷ್ಯ ಮಾತ್ರ ಅನ್ನುವುದು ನಿಮಗೆ ಗೊತ್ತಿರಲಿ.

ಕೈಗಳ ಸಮಸ್ಯೆ

ನಮ್ಮ ಚಿತ್ರಕಾರ ಕುಮಾರ್‌ಟುಲಿಯ ಮಗ್ಗುಲಲ್ಲಿ ಬೆಳೆದವನು. ದುರ್ಗೆಯ ಮೂರ್ತಿ ಮಾಡುವವರ ಓಣಿಯ ಮಣ್ಣನ್ನು ತುಳಿದುಕೊಂಡೇ ಶಾಲೆಗೆ ಹೋದವನು. ಕಂಪ್ಯೂಟರಿನಲ್ಲಿ ಬಿಡಿಸುವ ಮೊದಲು ಎಲ್ಲವನ್ನೂ ಜೇಡಿಮಣ್ಣಿನಲ್ಲಿ ಮಾಡಿ ನೋಡುವುದು ಅವನ ಪದ್ಧತಿ. ಈಜಿಪ್ಟಿನ ಐಸಿಸ್ ದೇವಿಯನ್ನು ಮಾಡಪ್ಪಾ ಅಂದೆ. ವಾರ ಕಳೆದು ಬಟ್ಟೆ ಸರಿಸಿ ತೋರಿಸಿದ. ಕಿವಿಯವರೆಗೆ ಎಳೆದ ಕಣ್ಣು, ಮೂಗುತಿ, ಹತ್ತು ಕೈ.

"ಈ ದೇವಿಗೆ ಎರಡೇ ಕೈ ಮಾರಾಯ," ಅಂದೆ.

"ದಿದಿ, ಎರಡು ಕೈಯಲ್ಲಿ ಅಷ್ಟು ದೊಡ್ಡ ನದಿ, ಅಷ್ಟು ಜನ, ಅಷ್ಟು ಮೊಸಳೆ, ಇದನ್ನೆಲ್ಲ ಹೇಗೆ ನೋಡಿಕೊಳ್ಳುತ್ತಾಳೆ?" ಅಂತ ಅವನು ನಿಜವಾಗಿಯೂ ಕಳವಳದಿಂದ ಕೇಳಿದ.

ನಾನು ಅವನನ್ನು ಕೂರಿಸಿಕೊಂಡು ಐಸಿಸ್ ಕತೆ ಹೇಳಿದೆ. ಅವಳ ಗಂಡನನ್ನು ಕೊಂದು, ತುಂಡು ಮಾಡಿ, ದೇಶದ ತುಂಬ ಎಸೆದಿದ್ದರು. ಅವಳು ನದಿಯುದ್ದಕ್ಕೂ ಅಲೆದು ಒಂದೊಂದೇ ತುಂಡು ಹೆಕ್ಕಿ ತಂದು ಜೋಡಿಸಿ ಅವನನ್ನು ಉಳಿಸಿಕೊಂಡಳು. ಅಷ್ಟನ್ನೂ ಎರಡೇ ಕೈಯಲ್ಲಿ ಮಾಡಿದಳು. ನನ್ನ ಗಂಡ ಇಡಿಯಾಗಿಯೇ ಇದ್ದರು, ಆದರೆ ಅಸ್ಸಾಮಿನಲ್ಲಿದ್ದರು.

ಚಿತ್ರಕಾರ ಎಂಟು ಕೈ ಕಿತ್ತ. ಆದರೆ ಎಸೆಯಲಿಲ್ಲ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟ. ಯಾಕೆ ಅಂದರೆ, "ಇರಲಿ ದಿದಿ, ಪ್ರಮೋಶನ್ ಆದಾಗ ಬೇಕಾಗುತ್ತದೆ," ಅಂದ.

ಮುಳುಗುವ ದೇವರು

ಈಜಿಪ್ಟಿನವರು ಹಬ್ಬದ ದಿನ ದೇವರ ಮೂರ್ತಿಯನ್ನು ದೋಣಿಯಲ್ಲಿ ಕೂರಿಸಿ ನದಿಯ ಮೇಲೆ ಮೆರವಣಿಗೆ ಮಾಡುತ್ತಿದ್ದರು. ಇದನ್ನು ನಾನು ನಮ್ಮ ಪ್ರೋಗ್ರಾಮರನಿಗೆ ವಿವರಿಸಿದೆ. ಗಡ್ಡ, ಜೋಳಿಗೆ, ಚಹಾ ಮೂರೂ ಬಿಟ್ಟಿರದ ಮನುಷ್ಯ. ಪೂರ್ತಿ ಕೇಳಿಸಿಕೊಳ್ಳದೆ, "ಗೊತ್ತು ಗೊತ್ತು, ನಮ್ಮಲ್ಲೂ ಅದೇ," ಅಂದ. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಪರದೇಶದ ಕಂಪನಿಯಲ್ಲಿ ಒಬ್ಬ ಪರೀಕ್ಷಕನಿದ್ದ. ನಾವು ಕಳಿಸಿದ್ದನ್ನು ಆಡಿ ನೋಡಿ ತಪ್ಪು ಹುಡುಕಿ ಬರೆಯುವುದೇ ಅವನ ಕೆಲಸ. ಅವನ ಮೇಲ್ ಬಂತು: "ಪ್ರತಿ ಹಬ್ಬದಲ್ಲೂ ನನ್ನ ದೇವರು ನೈಲ್ ನದಿಯಲ್ಲಿ ಮುಳುಗಿ ಹೋಗುತ್ತಿದ್ದಾರೆ. ದೇವಸ್ಥಾನ ಖಾಲಿಯಾಗುತ್ತದೆ. ಜನ ಮಾತ್ರ ಕುಣಿಯುತ್ತಿದ್ದಾರೆ. ದಯವಿಟ್ಟು ಸರಿಪಡಿಸಿ."

ಪ್ರೋಗ್ರಾಮರನಿಗೆ ಇದರಲ್ಲಿ ಸರಿಪಡಿಸುವಂಥದ್ದೇನು ಅಂತಲೇ ಹೊಳೆಯಲಿಲ್ಲ. ಹಬ್ಬ ಮುಗಿದ ಮೇಲೆ ದೇವರನ್ನು ನದಿಗೆ ಬಿಡದೆ ಮತ್ತೆಲ್ಲಿ ಇಡುತ್ತಾರೆ ಅಂತ ನನ್ನನ್ನೇ ಕೇಳಿದ.

ಅದೇ ಸಮಯಕ್ಕೆ ದುರ್ಗಾಪೂಜೆ ಬಂತು. ಇವರು ಬರುತ್ತಾರೆ ಅಂತ ನಾನು ಹೊಸ ಸೀರೆ ಫಾಲ್ ಹೊಲಿಸಿ ಇಟ್ಟಿದ್ದೆ. ರಜೆ ಸಿಗಲಿಲ್ಲ. "ಎಂತ ಮಾಡುದು ಮಾರಾಯ್ತಿ, ಶಾಖೆಯಲ್ಲಿ ಜನ ಇಲ್ಲ," ಅಂದರು ಫೋನಿನಲ್ಲಿ. ನಾನೂ ದೊಡ್ಡ ಮನಸ್ಸಿನವಳ ಹಾಗೆ ಪರವಾಗಿಲ್ಲ ಅಂದೆ. ವಿಸರ್ಜನೆಯ ದಿನ ಒಬ್ಬಳೇ ಗಂಗೆಯ ಘಾಟಿಗೆ ಹೋದೆ. ದೇವಿ ನೀರಿಗೆ ಬೀಳುವಾಗ ಜನರೆಲ್ಲ, "ಆಶ್ಛೇ ಬೊಛೋರ್ ಆಬಾರ್ ಹೊಬೇ," ಮುಂದಿನ ವರ್ಷ ಮತ್ತೆ ಆಗುತ್ತದೆ ಅಂತ ಕೂಗಿದರು. ನನಗೆ ಅಳು ತಡೆಯಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ನನ್ನ ಭಕ್ತಿಯನ್ನು ಮೆಚ್ಚಿ ಸಿಂಧೂರ ಹಚ್ಚಿದಳು.

ಹಬ್ಬ ಮುಗಿಸಿ ಆಫೀಸಿಗೆ ಬಂದರೆ ಮುಖ್ಯಸ್ಥರು ಪರೀಕ್ಷಕನಿಗೆ ಆಗಲೇ ಉತ್ತರ ಬರೆದಿದ್ದರು: "ಗಾಬರಿಯಾಗಬೇಡಿ. ಮುಂದಿನ ವರ್ಷ ಮತ್ತೆ ಬರುತ್ತಾರೆ."

ಯಶಸ್ವಿ ಬಂದ್

ರಾಜರ ಗೋರಿ ಕಟ್ಟುವ ಕೆಲಸಗಾರರು ದವಸ ಸಮಯಕ್ಕೆ ಬರಲಿಲ್ಲವೆಂದು ಕೆಲಸ ನಿಲ್ಲಿಸಿ ಕೂತದ್ದು ಈಜಿಪ್ಟಿನ ಇತಿಹಾಸದಲ್ಲಿ ನಿಜವಾಗಿಯೂ ಉಂಟು. ಇದನ್ನು ಹೇಳಿದ ದಿನ ಪ್ರೋಗ್ರಾಮರ್ ಎದ್ದು ನಿಂತು ನನ್ನ ಕೈ ಕುಲುಕಿದ. ರಥವನ್ನು ಓಡಿಸಲು ಅವನಿಗೆ ಎರಡು ತಿಂಗಳು ಹಿಡಿದಿತ್ತು, ಮುಷ್ಕರ ಮಧ್ಯಾಹ್ನದೊಳಗೆ ತಯಾರಾಯಿತು. ಬಾವುಟ, ಘೋಷಣೆ, ಮೆರವಣಿಗೆ ಎಲ್ಲ ಇತ್ತು. ಪರೀಕ್ಷಕ ತಾಳ್ಮೆಗೆಟ್ಟು ಕೆಲಸಗಾರರ ಮೇಲೆ ಸೈನ್ಯ ಬಿಟ್ಟನಂತೆ. ತಕ್ಷಣ ಪರದೆ ಕಪ್ಪಾಗಿ, "ನಿಮ್ಮ ಸರಕಾರ ಬಿದ್ದಿದೆ" ಅಂತ ಬಂದು ಆಟವೇ ಮುಗಿಯಿತು. ಅವನು ಎಷ್ಟು ಸಲ ಆಡಿದರೂ ಗೋರಿ ಮಾತ್ರ ಏಳಲಿಲ್ಲ.

ಚಳಿಗಾಲದಲ್ಲಿ ಇವರಿಗೆ ಅಂತೂ ಎರಡು ದಿನದ ರಜೆ ಸಿಕ್ಕಿತು. ಬೆಳಿಗ್ಗೆ ಹೌರಾದಲ್ಲಿ ಇಳಿಯುವವರಿದ್ದರು. ಹಿಂದಿನ ಸಂಜೆ ಬಂದ್ ಘೋಷಣೆಯಾಯಿತು. ಬಸ್ಸಿಲ್ಲ, ಟ್ಯಾಕ್ಸಿಯಿಲ್ಲ, ನದಿ ದಾಟುವ ಲಾಂಚೂ ಇಲ್ಲ. ಅವರು ನದಿಯ ಆಚೆ ದಡದ ಸ್ಟೇಶನ್ನಿನಲ್ಲಿ ಪೆಟ್ಟಿಗೆಯ ಮೇಲೆ ಕೂತರು. ಈಚೆ ನಾನು ನೀರುದೋಸೆ ಹಿಟ್ಟು ರುಬ್ಬಿಟ್ಟುಕೊಂಡು ಕೂತೆ. ಅಸ್ಸಾಮಿನಲ್ಲಿದ್ದಾಗಲೂ ಅಷ್ಟು ದೂರ ಅನಿಸಿರಲಿಲ್ಲ. ಅವರು ಮನೆ ಮುಟ್ಟುವಾಗ ಕತ್ತಲೆಯಾಗಿತ್ತು, ಎರಡು ದಿನದಲ್ಲಿ ಒಂದು ಹೋಗಿಯೇ ಹೋಗಿತ್ತು. ಹಿಟ್ಟು ಹುಳಿ ಬಂದಿತ್ತು. ಅವರು ಹುಳಿ ದೋಸೆಯನ್ನೇ ತಿಂದು ಚೆನ್ನಾಗುಂಟು ಅಂದರು, ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಅವರನ್ನು ವಾಪಸ್ ರೈಲು ಹತ್ತಿಸಿ ಆಫೀಸಿಗೆ ಬಂದರೆ ನನ್ನ ಮುಖ ನೋಡಿ ಪ್ರೋಗ್ರಾಮರ್ ಓಡಿ ಬಂದ. ಸಮಾಧಾನ ಹೇಳುತ್ತಾನೆ ಅಂದುಕೊಂಡೆ.

"ಕೇಳಿದ್ರಾ ದಿದಿ? ಬಂದ್ ಸಂಪೂರ್ಣ ಯಶಸ್ವಿ! ಒಬ್ಬನೇ ಒಬ್ಬ ಮನುಷ್ಯ ನದಿ ದಾಟಿಲ್ಲವಂತೆ!"

ಗಡಿ ಕೋಟೆ ಖಾಲಿ

ಆಟದಲ್ಲಿ ಪ್ರತಿ ನಾಡಿಗೂ ಬೇರೆಲ್ಲೂ ಇಲ್ಲದ ಒಂದು ಗುಣ ಇರಬೇಕು ಅನ್ನುವುದು ನಿಯಮ. ರೋಮಿನವರಿಗೆ ರಸ್ತೆ, ಇನ್ನೊಬ್ಬರಿಗೆ ಕುದುರೆ. ನಮ್ಮ ಈಜಿಪ್ಟಿಗೆ ಏನು ಅಂತ ಮೀಟಿಂಗಿನಲ್ಲಿ ಪ್ರಶ್ನೆ ಬಂತು.

"ಪಿರಮಿಡ್," ಅಂದರು ಮುಖ್ಯಸ್ಥರು.

ನನಗೆ ಎಲ್ಲಿಂದ ಸಿಟ್ಟು ಬಂತೋ. "ಅದು ಕಲ್ಲು. ನೀವು ಕೇಳಿದ್ದು ಜನರ ಗುಣ," ಅಂದೆ. ಪರನಾಡಿನಲ್ಲಿ ಸಾಯುವುದು ಅಂದರೆ ಈಜಿಪ್ಟಿನವನಿಗೆ ಎಷ್ಟು ಭಯವಿತ್ತು, ಗಡಿಗೆ ಹೋದ ಅಧಿಕಾರಿ ತನ್ನ ಊರಿಗಾಗಿ ಹೇಗೆ ಹಂಬಲಿಸುತ್ತಿದ್ದ, ಮನಸ್ಸು ಕೈತಪ್ಪಿ ಊರಿನ ಕಡೆ ಓಡಿಹೋಗಿದೆ, ಕೆಲಸಕ್ಕೆ ಕೈ ಬರುವುದಿಲ್ಲ ಅಂತ ಹೇಗೆ ಕೊರಗುತ್ತಿದ್ದ, ಎಲ್ಲ ಹೇಳಿದೆ. ಸ್ವಲ್ಪ ಜಾಸ್ತಿಯೇ ಹೇಳಿದೆ ಅಂತ ಕಾಣುತ್ತದೆ. ಮುಗಿಸುವಾಗ ಯಾರೂ ನನ್ನ ಮುಖ ನೋಡುತ್ತಿರಲಿಲ್ಲ, ಎಲ್ಲರೂ ಚಹಾ ಲೋಟ ನೋಡುತ್ತಿದ್ದರು. ಪ್ರೋಗ್ರಾಮರ್ ಮೆಲ್ಲಗೆ, "ಆಯಿತು ದಿದಿ, ಮಾಡಿಕೊಡುತ್ತೇನೆ," ಅಂದ.

ಮಾಡಿಯೇ ಕೊಟ್ಟ. ಪರೀಕ್ಷಕನ ಮುಂದಿನ ಮೇಲ್ ಹೀಗಿತ್ತು: "ನನ್ನ ಗಡಿ ಕೋಟೆಯ ಮೇಲೆ ಶತ್ರು ದಾಳಿ ಮಾಡಿದ. ಕೋಟೆಯಲ್ಲಿ ನರಪಿಳ್ಳೆ ಇರಲಿಲ್ಲ. ಹುಡುಕಿದರೆ ಅಧಿಕಾರಿಗಳೆಲ್ಲ ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ ಕೂತಿದ್ದಾರೆ. ನಾನು ಅಪ್ಪಣೆ ಕೊಟ್ಟಿಲ್ಲ. ಇದು ತಪ್ಪೋ, ಗುಣವೋ?"

ಮುಖ್ಯಸ್ಥರು ತಲೆ ಕೆರೆದುಕೊಂಡು, ಇದೇ ಈಜಿಪ್ಟಿನ ವಿಶೇಷ ಗುಣ, ಇತಿಹಾಸದ ಆಧಾರವಿದೆ ಅಂತ ಬರೆದರು. ಒಪ್ಪದಿದ್ದರೆ ಈಜಿಪ್ಟೇ ಹೋಗುತ್ತದೆ ಅಂತ ನಾವೆಲ್ಲ ಉಸಿರು ಹಿಡಿದು ಕೂತೆವು. ಉತ್ತರ ಒಂದೇ ಸಾಲು: "ಇರಲಿ ಬಿಡಿ. ನನ್ನ ಹೆಂಡತಿಯೂ ಬೇರೆ ಊರಿನಲ್ಲಿದ್ದಾಳೆ."

ಹೊಟ್ಟೆನೋವು

ಈಜಿಪ್ಟ್ ಪಾಸಾಯಿತು. ಆ ಸಂತೋಷಕ್ಕೆ ಇವರು ಒಂದು ವಾರ ರಜೆ ಮೇಲೆ ಬಂದರು. ವಾರ ಎಂಬುದು ಹೇಗೆ ಕರಗಿತೋ ತಿಳಿಯಲಿಲ್ಲ. ಎಸ್ಪ್ಲನೇಡಿನಲ್ಲಿ ಸುಮ್ಮನೆ ಸುತ್ತಿದೆವು, ಟ್ರಾಮಿನಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿ ಅದರಲ್ಲೇ ವಾಪಸ್ ಬಂದೆವು. ಕೊನೆಯ ದಿನ, ಸಂಜೆಯ ರೈಲಿಗೆ ಮೊದಲು, ಇವರನ್ನು ಆಫೀಸಿಗೆ ಕರೆದುಕೊಂಡು ಹೋದೆ. ದಿದಿಯ ಗಂಡ ಅಂದರೆ ಎಲ್ಲರಿಗೂ ಜಾಮಾಯಿಬಾಬು, ಭಾವ. ಸಂದೇಶ್ ಎಂಬ ಸಿಹಿ, ಸಿಂಗಾಡಾ ಎಂಬ ಅಲ್ಲಿಯ ಸಮೋಸ, ಚಹಾ ಎಲ್ಲ ಬಂತು. ಕಂಪ್ಯೂಟರಿನ ಮುಂದೆ ಕೂರಿಸಿ ಈಜಿಪ್ಟನ್ನು ಇವರ ಕೈಗೆ ಕೊಟ್ಟರು.

ಇವರು ನಿಯಮ ಅಂದರೆ ನಿಯಮ ಅನ್ನುವ ಮನುಷ್ಯ. ಬ್ಯಾಂಕಿನ ಪೆನ್ನಿನಲ್ಲಿ ಮನೆಯ ಸಾಮಾನು ಚೀಟಿ ಬರೆದವರಲ್ಲ. ಆಟವನ್ನೂ ಹಾಗೆಯೇ ಆಡಿದರು. ಕಣಜ ತುಂಬಿಸಿದರು, ಯಾರ ಜೊತೆಗೂ ಜಗಳವಾಡಲಿಲ್ಲ, ದೂರದ ಗಡಿಗೆ ಒಬ್ಬ ಅಧಿಕಾರಿಯನ್ನು ಕಳಿಸಿ ಕೋಟೆಗೆ ಬೀಗ ಹಾಕಿಸಿದರು. ಸ್ವಲ್ಪ ಹೊತ್ತಿಗೆ ಆ ಅಧಿಕಾರಿ ಬೀಗ ತೆಗೆದು, ಗಂಟು ಹೆಗಲಿಗೇರಿಸಿ, ಮರಳುಗಾಡಿನಲ್ಲಿ ಊರ ಕಡೆ ನಡೆಯತೊಡಗಿದ.

ಇವರು ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದರು. "ಇವನಿಗೆ ರಜೆ ಸ್ಯಾಂಕ್ಷನ್ ಮಾಡಿದ್ದು ಯಾರು?"

"ನಾನು," ಅಂದೆ.

ಇವರು ನನ್ನ ಮುಖ ನೋಡಿದರು. ಮತ್ತೆ ಪರದೆ ನೋಡಿದರು. ಆ ಅಧಿಕಾರಿ ಮನೆ ಮುಟ್ಟಿ, ಬಾಗಿಲು ತಟ್ಟಿ ಒಳಗೆ ಹೋಗುವವರೆಗೂ ನೋಡಿದರು. ಆಮೇಲೆ ಮೆಲ್ಲಗೆ, "ಇಲ್ಲಿ ಫೋನ್ ಎಲ್ಲುಂಟು?" ಅಂದರು.

"ಯಾಕೆ?"

"ನಂಗೆ ಇವತ್ತು ಹೋಗ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಎಂತಾದ್ರೂ ಹುಷಾರಿಲ್ಲ ಅಂತ ಹೇಳ್ತೇನೆ."

ಹುಟ್ಟಿದ ಮೇಲೆ ಇವರು ಹೇಳಹೊರಟ ಮೊದಲ ಸುಳ್ಳು ಇರಬೇಕು. ಆಫೀಸಿಗೆ ಆಫೀಸೇ ಸಹಾಯಕ್ಕೆ ನಿಂತಿತು. ಜ್ವರ ಅಂದರೆ ಯಾರೂ ನಂಬುವುದಿಲ್ಲ, ಬಂಗಾಳದಲ್ಲಿ ರಜೆಗೆ ಹೊಟ್ಟೆಯೇ ಸರಿ ಅಂತ ಮುಖ್ಯಸ್ಥರು ತೀರ್ಮಾನ ಕೊಟ್ಟರು. ಪ್ರೋಗ್ರಾಮರ್ ಗೋಡೆಯ ಬಿಳಿ ಹಲಗೆಯ ಮೇಲೆ ಗ್ಯಾಸ್, ಹುಳಿತೇಗು, ಉರಿ, ಮುರಿತ ಅಂತ ದೊಡ್ಡಕ್ಷರದಲ್ಲಿ ಬರೆದ. ಚಿತ್ರಕಾರ ನೋವು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಪಕ್ಕದಲ್ಲೇ ಬಾಣ ಹಾಕಿ ತೋರಿಸಿದ. ಅಲ್ಲಿನ ಮಾತು ತಮಗೂ ಕೇಳಲಿ ಅಂತ ಯಾರೋ ಫೋನಿನ ಸ್ಪೀಕರ್ ಒತ್ತಿದರು.

ಅಸ್ಸಾಮಿನ ಮ್ಯಾನೇಜರರೂ ಬಂಗಾಳಿ, ಮನೆ, ಸಂಸಾರ ಎಲ್ಲ ಇರುವುದು ಕಲ್ಕತ್ತೆಯ ಹತ್ತಿರ ದಕ್ಷಿಣೇಶ್ವರದಲ್ಲಿ. ಇವರು ಬೆವರೊರೆಸಿಕೊಂಡು ಹಲಗೆಯ ಮೇಲಿದ್ದದ್ದನ್ನು ಮೇಲಿನಿಂದ ಕೆಳಗೆ ಒಂದೂ ಬಿಡದೆ ಓದಿದರು.

"ಎಲ್ಲವೂ ಒಟ್ಟಿಗೇ ಬಂದಿದೆಯಾ?" ಅಂದರು ಮ್ಯಾನೇಜರ್.

"ಹೌದು ಸಾರ್."

"ರೈಲು ಎಷ್ಟು ಹೊತ್ತಿಗೆ ಇತ್ತು?"

"ಇವತ್ತು ಸಂಜೆ ಸಾರ್."

"ಹೆಂಡತಿ ಪಕ್ಕದಲ್ಲೇ ಇದ್ದಾರಾ?"

ಇವರು ಹಲಗೆ ನೋಡಿದರು. ಅದಕ್ಕೆ ಅಲ್ಲಿ ಉತ್ತರ ಬರೆದಿರಲಿಲ್ಲ. "ಇದ್ದಾಳೆ ಸಾರ್," ಅಂದರು ನಿಜವನ್ನೇ.

ಮ್ಯಾನೇಜರರು ಒಂದು ದೊಡ್ಡ ನಿಟ್ಟುಸಿರು ಬಿಟ್ಟರು. ಸೆಕ್ಟರ್ ಫೈವಿನಲ್ಲಿ ನಮಗೆಲ್ಲ ಕೇಳಿಸಿತು.

"ಈ ಕಾಯಿಲೆ ನನಗೆ ಗೊತ್ತು. ಸೋಮವಾರದವರೆಗೆ ಅಲ್ಲೇ ಮಲಗಿರು. ಆಮೇಲೆ ಬಂದು ನನ್ನಿಂದ ಶಾಖೆಯ ಬೀಗದ ಕೈ ತೆಗೆದುಕೋ. ಮುಂದಿನ ವಾರ ಇದೇ ಕಾಯಿಲೆ ನನಗೆ ಬರುವುದಿದೆ."