ಹಲ್ಲು ಡಾಕ್ಟರ ಕುರ್ಚಿಗೆ ನಾನು ಕಾಯಿ ಒಡೆದದ್ದು

ಯಂತ್ರ ಎಂದ ಮೇಲೆ ಯಂತ್ರವೇ. ಅದು ಬೋಟಿನ ಹೊಟ್ಟೆಯಲ್ಲಿರಲಿ, ಸರಕಾರಿ ಆಸ್ಪತ್ರೆಯ ಕೋಣೆಯಲ್ಲಿರಲಿ, ನಾನು ಪಾನಾ ಹಿಡಿದು ಎದುರು ಕುಳಿತರೆ ಅದು ತಿರುಗಲೇಬೇಕು! ಈ ಮಳೆಗಾಲದವರೆಗೂ ಇದು ನನ್ನ ದೃಢವಾದ ನಂಬಿಕೆಯಾಗಿತ್ತು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಬಿಟ್ಟ ಮರುದಿನವೇ ತದಡಿ ಬಂದರದಲ್ಲಿ ಬೋಟಿನ ಎಂಜಿನ್ ರಿಪೇರಿಗೆ ಸೇರಿದೆ. ಅಂದಿನಿಂದ ಇಂದಿನವರೆಗೆ ಯಾರ ಎದುರೂ ಕೈ ಚಾಚಿದವನಲ್ಲ. ಕಂಪನಿಯವರು ‘ಇದು ಇನ್ನು ಗುಜರಿಗೆ’ ಎಂದು ಬಿಟ್ಟುಹೋದ ಎಂಜಿನ್ನುಗಳು ನನ್ನ ಕೈಯಲ್ಲಿ ಕೆಮ್ಮಿ, ಉಗುಳಿ, ಎದ್ದು ಮತ್ತೆ ಮೀನಿಗೆ ಹೋಗಿವೆ. ನಮ್ಮ ಕಸುಬಿನಲ್ಲಿ ಕಂಪನಿಯವನಿಗೆ ಕಾಯುವ ಪದ್ಧತಿಯೇ ಇಲ್ಲ. ಸಮುದ್ರದ ನಡುವೆ ಎಂಜಿನ್ ನಿಂತರೆ ಕಂಪನಿಯವನು ಈಜಿಕೊಂಡು ಬರುತ್ತಾನೆಯೇ? ಮೊದಲು ಬಿಚ್ಚು, ಆಮೇಲೆ ಯೋಚಿಸು. ಇದೇ ನಮ್ಮ ವಿದ್ಯೆ.

ಈ ವಿದ್ಯೆಯನ್ನು ನೀರಿನಲ್ಲೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು.

ಜೂನ್ ತಿಂಗಳಲ್ಲಿ ಮೀನುಗಾರಿಕೆಗೆ ಮಳೆಗಾಲದ ರಜೆ ಬಿದ್ದು ಬೋಟುಗಳೆಲ್ಲ ದಡದ ಮೇಲೆ ಬಂದು ಕುಳಿತಾಗ ನನ್ನ ಹೆಂಡತಿ ಗಿರಿಜೆಗೆ ಹಲ್ಲುನೋವು ಶುರುವಾಯಿತು. ಬಲಗಡೆಯ ಕೆಳಗಿನ ದವಡೆಹಲ್ಲು. ಮೊದಲು ಲವಂಗ ಇಟ್ಟಳು. ಆಮೇಲೆ ಉಪ್ಪುನೀರು ಮುಕ್ಕಳಿಸಿದಳು. ಕೊನೆಗೆ ಊಟ ಬಿಟ್ಟು ಬರೀ ಗಂಜಿ ತಿಳಿ ಕುಡಿಯತೊಡಗಿದಳು. ಬಂಗಡೆ ಸಾರು ಮಾಡಿ ನನಗೆ ಬಡಿಸಿ, ತಾನು ಗೋಡೆಗೆ ಮುಖ ಮಾಡಿ ಕುಳಿತ ದಿನ ನಾನು ಅವಳನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಭಟ್ಕಳ, ಹೊನ್ನಾವರ, ಕುಮಟಾ, ಈ ಮೂರರಲ್ಲಿ ಯಾವ ಕಡೆಯ ಆಸ್ಪತ್ರೆ ಎಂದು ಹೇಳುವುದಿಲ್ಲ. ಹೇಳಿದರೆ ಇನ್ನೊಂದು ನೋಟೀಸು ಬಂದೀತು!

ಹಲ್ಲಿನ ಡಾಕ್ಟರು ಘಟ್ಟದ ಮೇಲಿನ ಕಡೆಯ ಹುಡುಗಿ. ವಾರಕ್ಕೆ ಎರಡು ದಿನ ಮಾತ್ರ ಇಲ್ಲಿ, ಉಳಿದ ದಿನ ಇನ್ನೊಂದು ಆಸ್ಪತ್ರೆಯಲ್ಲಿ. ಕೋಣೆಯ ನಡುವೆ ಹಲ್ಲು ನೋಡುವ ದೊಡ್ಡ ಕುರ್ಚಿ ಬಟ್ಟೆ ಹೊದ್ದುಕೊಂಡು ಮಲಗಿತ್ತು. ಅದರ ಪಕ್ಕದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ. ಬಂದವರನ್ನೆಲ್ಲ ಅದರಲ್ಲಿ ಕೂರಿಸಿ, ಬಾಯಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ, ಮಾತ್ರೆ ಬರೆದುಕೊಡುತ್ತಿದ್ದರು.

“ಈಗಲೇ ಬೇರಿನ ಚಿಕಿತ್ಸೆ ಮಾಡಿದ್ರೆ ಹಲ್ಲು ಉಳಿಯುತ್ತೆ,” ಎಂದರು ಡಾಕ್ಟರು. “ತಡ ಆದ್ರೆ ಕೀಳಲೇಬೇಕಾಗುತ್ತೆ. ನಮ್ಮ ಕುರ್ಚಿ ಕೆಟ್ಟು ತಿಂಗಳುಗಟ್ಟಲೆ ಆಯ್ತು. ಕಂಪನಿಯವರು ಬರೋ ವಾರ ಬರ್ತೀವಿ ಅಂದಿದ್ದಾರೆ. ನೀವು ಅದಕ್ಕೆ ಕಾಯಬೇಡಿ. ಚೀಟಿ ಕೊಡ್ತೀನಿ, ನಾಳೆನೇ ಕಾರವಾರಕ್ಕೆ ಹೋಗಿ. ಅಲ್ಲೂ ಉಚಿತವೇ.”

ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ಕನ್ನಡದಲ್ಲೇ ಹೇಳಿದ್ದರು. ನನ್ನ ಕಿವಿಯೂ ಸರಿಯಿತ್ತು. ಆದರೆ ನಾನು ಡಾಕ್ಟರನ್ನು ನೋಡುತ್ತಿರಲಿಲ್ಲ, ಕುರ್ಚಿಯನ್ನು ನೋಡುತ್ತಿದ್ದೆ.

ಹೊರಗೆ ಬಂದ ಮೇಲೆ ಗಿರಿಜೆಗೆ ಹೇಳಿದೆ, “ಅದೆಂತ ದೊಡ್ಡ ಸಂಗತಿ ಅಲ್ಲ ಮಾರಾಯ್ತಿ. ಎಣ್ಣೆ ಒತ್ತಡದಲ್ಲಿ ಮೇಲೆ ಕೆಳಗೆ ಹೋಗೂದು. ನಮ್ಮ ಬೋಟಲ್ಲಿ ಬಲೆ ಎಳೂ ವಿಂಚಿನ ತಂಗಿ ಅದು.”

“ತಂಗಿಯೋ ಅಕ್ಕನೋ, ನಿಮಗೆಂತಕ್ಕೆ? ನಾಳೆ ಕಾರವಾರಕ್ಕೆ ಹೋಗ್ವ.”

“ನಾನು ಇರುವಾಗ ನನ್ನ ಹೆಂಡ್ತಿ ಒಂದು ಕುರ್ಚಿ ಸಲುವಾಗಿ ಕಾರವಾರಕ್ಕೆ ಹೋಗೂದಾ? ಕತಗಾಲದಿಂದ ಬಂದ ಆ ಹೆಂಗಸನ್ನ ನೋಡಿದ್ಯಾ, ಗಲ್ಲಕ್ಕೆ ಟವೆಲ್ ಕಟ್ಕಂಡು? ಅವಳಿಗೂ ಕಾರವಾರದ ಚೀಟಿ. ಎಲ್ಲರಿಗೂ ಕಾರವಾರ! ಒಬ್ಬ ಮನಸ್ಸು ಮಾಡಿದ್ರೆ ಎಷ್ಟು ಜನಕ್ಕೆ ಉಪಕಾರ!”

“ಆತು, ಭಾಷಣ ಆತು? ನನ್ನ ಹಲ್ಲು ಬೋಟಲ್ಲ ಇವ್ರೆ.”

ಹೀಗೆ, ಸರಕಾರಿ ಖರ್ಚಿನ ದಂತ ಚಿಕಿತ್ಸೆಯನ್ನು ಸಾರ್ವಜನಿಕರಿಗೆ ಸುಲಭಗೊಳಿಸುವ ಮಹಾಕಾರ್ಯವು ನನ್ನ ಹೆಗಲ ಮೇಲೆ ಬಿದ್ದಿತು. ಯಾರೂ ಹೊರಿಸಿರಲಿಲ್ಲ. ನಾನೇ ಎತ್ತಿಕೊಂಡೆ!

ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದ ಸುಬ್ರಾಯ ನಮ್ಮ ಬಂದರದವನೇ. ಅವನ ಅಣ್ಣನ ಬೋಟು ಒಮ್ಮೆ ಆಳ ಸಮುದ್ರದಲ್ಲಿ ಕೆಟ್ಟು ನಿಂತಾಗ ಹೋಗಿ ಎಳೆದು ತಂದವನು ನಾನು. ಅದನ್ನು ನೆನಪಿಸಿ, ಭಾನುವಾರ ಹಲ್ಲಿನ ಕೋಣೆಯ ಬೀಗ ತೆಗೆದುಕೊಡು ಎಂದೆ. ಅವನು ತಲೆ ಕೆರೆದುಕೊಂಡ.

“ಗಣಪಣ್ಣ, ಡಾಕ್ಟ್ರಿಗೆ ಒಂದು ಮಾತು ಹೇಳ್ವ?”

“ಮಾಡಿ ತೋರಿಸಿದ ಮೇಲೆ ಹೇಳ್ವ. ಖುಷಿ ಆಗ್ತದೆ ಅವರಿಗೆ.”

“ಎಂತಾದ್ರೂ ಆದ್ರೆ?”

“ಈಗ್ಲೇ ಕೆಟ್ಟದ್ದು ಅಲ್ದಾ ಅದು? ಇದಕ್ಕಿಂತ ಹೆಚ್ಚು ಎಂತ ಹಾಳಾಗ್ತದೆ ಮಾರಾಯ?”

ಈ ಪ್ರಶ್ನೆಗೆ ಉತ್ತರ ಮುಂದೆ ಸಿಕ್ಕಿತು.

ಭಾನುವಾರ ಬೆಳಿಗ್ಗೆ ಸುಬ್ರಾಯ ಬೀಗ ತೆಗೆದ. ಕುರ್ಚಿಯ ಬುಡದ ಮುಚ್ಚಳದ ಸ್ಕ್ರೂ ಮೇಲೆ ಇಂಗ್ಲಿಷಿನಲ್ಲಿ ಬರೆದ ಹೊಳೆಯುವ ಕಾಗದವೊಂದು ಅಂಟಿಕೊಂಡಿತ್ತು. ಕಂಪನಿಯ ಜಾಹೀರಾತು ಇರಬೇಕು ಎಂದುಕೊಂಡೆ. ನಾನು ಶಿಸ್ತಿನ ಮನುಷ್ಯ, ಇನ್ನೊಬ್ಬರ ವಸ್ತು ಹರಿಯುವವನಲ್ಲ. ಉಗುರಿನಿಂದ ನಿಧಾನವಾಗಿ ಎಬ್ಬಿಸಿ ಗೋಡೆಗೆ ನೇರವಾಗಿ ಅಂಟಿಸಿಟ್ಟೆ.

ಒಳಗೆ ನೋಡಿದರೆ ಎಣ್ಣೆ ಪೂರ್ತಿ ಸೋರಿಹೋಗಿತ್ತು. ಎಣ್ಣೆ ತಡೆಯುವ ಒಂದು ರಬ್ಬರ್ ಸೀಲು ಸವೆದಿತ್ತು. ಚೀಲದಲ್ಲಿ ಬೋಟಿನ ಸೀಲು ಇತ್ತು, ಸ್ವಲ್ಪ ದೊಡ್ಡದು. ಬ್ಲೇಡಿನಲ್ಲಿ ಕೆತ್ತಿ ಕೂರಿಸಿದೆ. ವಿಂಚಿಗೆ ಹಾಕುವ ಎಣ್ಣೆಯನ್ನೇ ತುಂಬಿಸಿದೆ. ಮುಚ್ಚುವಾಗ ಎರಡು ಬೋಲ್ಟು ಹೆಚ್ಚಾಗಿ ಉಳಿದವು. ನಮ್ಮಲ್ಲಿ ಬೋಲ್ಟು ಉಳಿದರೆ ಕೆಲಸ ಚೆನ್ನಾಗಿ ಆಗಿದೆ ಎಂದೇ ಅರ್ಥ, ಕಡಿಮೆ ಬಿದ್ದರೆ ಮಾತ್ರ ಹೆದರಬೇಕು! ಕಾಲಿನಿಂದ ಪೆಡಲ್ ಒತ್ತಿದೆ.

ಕುರ್ಚಿ ಮೇಲೆ ಹೋಯಿತು! ಇನ್ನೊಂದು ಪೆಡಲ್ ಒತ್ತಿದೆ. ಕೆಳಗೆ ಬಂತು! ಸುಬ್ರಾಯ ನನ್ನನ್ನು ತಬ್ಬಿಕೊಂಡ.

ಸತ್ಯವಾಗಿ ಹೇಳುತ್ತೇನೆ, ಅಲ್ಲಿಗೇ ನಿಲ್ಲಿಸಿ ಮನೆಗೆ ಹೋಗಿದ್ದರೆ ಗಿರಿಜೆಯ ಹಲ್ಲು ಇವತ್ತಿಗೂ ಬಾಯಲ್ಲಿರುತ್ತಿತ್ತೋ ಏನೋ. ಆದರೆ ನಮ್ಮಲ್ಲಿ ರಿಪೇರಿಯಾದ ಎಂಜಿನ್ನನ್ನು ಹಾಗೆಯೇ ಚಾಲೂ ಮಾಡುವುದಿಲ್ಲ. ಕುಂಕುಮ ಹಚ್ಚಬೇಕು, ಊದಿನಕಡ್ಡಿ ಬೆಳಗಬೇಕು, ಕಾಯಿ ಒಡೆಯಬೇಕು. ಕಾಯಿ ಒಡೆಯದ ಬೋಟನ್ನು ನಡೆಸಲು ಯಾವ ತಾಂಡೇಲನೂ ಹತ್ತುವುದಿಲ್ಲ.

ಸೋಮವಾರ ಡಾಕ್ಟರು ಬರುವ ಮೊದಲೇ ಗಿರಿಜೆಯನ್ನು ಕರೆದುಕೊಂಡು ಹಾಜರಾದೆ. ಆಗಲೇ ಸಾಲು ನಿಂತಿತ್ತು. ಕುರ್ಚಿ ಸರಿಯಾಗಿದೆ ಎಂಬ ಸುದ್ದಿಯನ್ನು ಸುಬ್ರಾಯ ಹಬ್ಬಿಸಿದ್ದ. ಕತಗಾಲದ ಹೆಂಗಸೂ ಅದೇ ಟವೆಲ್ಲಿನಲ್ಲಿ ಬಂದಿದ್ದಳು. ಅಷ್ಟು ಜನರನ್ನು ನೋಡಿ ನನ್ನ ಎದೆ ಉಬ್ಬಿತು. ಕುರ್ಚಿಯ ತಲೆಗೆ ಕುಂಕುಮ ಇಟ್ಟು, ದಾಸವಾಳ ಸಿಕ್ಕಿಸಿ, “ಇನ್ನು ಮುಂದೆ ಯಾರೂ ಕಾರವಾರಕ್ಕೆ ಹೋಗೂದು ಬೇಡ!” ಎಂದು ಘೋಷಿಸಿ, ಬುಡದ ಕಬ್ಬಿಣದ ಮೇಲೆ ಕಾಯಿಯನ್ನು ಫಟ್ ಎಂದು ಒಡೆದೆ. ಒಂದೇ ಏಟಿಗೆ ಎರಡು ಸಮ ಹೋಳು! ಜನ ಚಪ್ಪಾಳೆ ತಟ್ಟಿದರು.

ಎಳೆಯ ಕಾಯಿ. ಒಳಗೆ ತುಂಬಾ ನೀರಿತ್ತು. ಆ ನೀರು ಎಲ್ಲಿಗೆ ಹೋಯಿತು ಎಂದು ಯಾರೂ ನೋಡಲಿಲ್ಲ. ಬೋಟಿನಲ್ಲಾದರೆ ಸಮುದ್ರಕ್ಕೆ ಹೋಗುತ್ತದೆ. ಇಲ್ಲಿ ಪೆಡಲಿನ ಒಳಗಿನ ಕರೆಂಟು ಸ್ವಿಚ್ಚಿಗೆ ಹೋಯಿತು.

“ಹತ್ತು, ಕುಳ್ಳು,” ಎಂದೆ ಗಿರಿಜೆಗೆ.

“ಡಾಕ್ಟ್ರು ಬರ್ಲಿ ಇವ್ರೆ.”

“ಅವ್ರು ಬರೂದ್ರೊಳಗೆ ನೀನು ತಯಾರಾಗಿ ಇರು. ಎಷ್ಟು ಜನ ಕಾಯ್ತಾ ಇದ್ದಾರೆ ನೋಡು.”

ಅವಳು ಕುಳಿತಳು. ನೋವಿನಲ್ಲಿ ಅವಳಿಗೆ ವಾದ ಮಾಡುವ ಶಕ್ತಿ ಇರಲಿಲ್ಲ. ನಾನು ಪೆಡಲ್ ಒತ್ತಿ ಕಾಲು ತೆಗೆದೆ.

ಕುರ್ಚಿ ಮೇಲೆ ಹೋಯಿತು. ನಿಲ್ಲಲಿಲ್ಲ. ಇನ್ನೂ ಮೇಲೆ ಹೋಯಿತು. ಆಮೇಲೆ ಬೆನ್ನಿನ ಭಾಗ ತಾನಾಗಿ ಹಿಂದಕ್ಕೆ ಮಲಗತೊಡಗಿತು, ಕಾಲಿನ ಭಾಗ ಏಳತೊಡಗಿತು. ಇಳಿಸುವ ಪೆಡಲ್ ಒತ್ತಿದೆ. ಅದು ಇನ್ನೂ ವೇಗವಾಗಿ ಏರಿತು! ಗಿರಿಜೆಯ ತಲೆ ಕೆಳಗೆ, ಕಾಲು ಆಕಾಶಕ್ಕೆ. ಒಂದು ಕೈಯಲ್ಲಿ ಸೀರೆ ಹಿಡಿದುಕೊಂಡಿದ್ದಾಳೆ, ಇನ್ನೊಂದು ಕೈಯಲ್ಲಿ ನನ್ನ ಅಂಗಿ ಹಿಡಿದುಕೊಂಡಿದ್ದಾಳೆ.

“ನಿಲ್ಸಿ! ಅಯ್ಯೋ, ನಿಲ್ಸಿ ಇದನ್ನ!”

ಅಷ್ಟರಲ್ಲಿ ಡಾಕ್ಟರು ಬಾಗಿಲಿಗೆ ಬಂದರು. ಅವರಿಗೆ ಕಂಡದ್ದು ಏನು? ಕುಂಕುಮ ಹಚ್ಚಿದ ಕುರ್ಚಿ, ಊದಿನಕಡ್ಡಿಯ ಹೊಗೆ, ತಲೆಕೆಳಗಾದ ಒಬ್ಬ ರೋಗಿ, ಕಾಯಿಹೋಳು ಹಿಡಿದ ಅವಳ ಗಂಡ.

“ಮೇನ್ ಸ್ವಿಚ್ ತೆಗೀರಿ!” ಎಂದು ಕೂಗಿದರು.

ಸುಬ್ರಾಯ ಓಡಿಹೋಗಿ ತೆಗೆದ. ಗಾಬರಿಯಲ್ಲಿ ಇಡೀ ಹೊರರೋಗಿ ವಿಭಾಗದ್ದು ತೆಗೆದ. ಚೀಟಿ ಮಾಡುವ ಕಂಪ್ಯೂಟರ್ ನಿಂತಿತು, ಫ್ಯಾನು ನಿಂತಿತು. ಕುರ್ಚಿಯೂ ನಿಂತಿತು. ಹೌದು, ಒಂದು ಜರ್ಕು ಹೊಡೆದು ನಿಂತಿತು. ಆ ಜರ್ಕಿಗೆ ಗಿರಿಜೆ ಹಲ್ಲು ಕಚ್ಚಿದಳು.

ಕಟ್ ಎಂದು ಸಣ್ಣ ಸದ್ದಾಯಿತು. ಅಷ್ಟೆಲ್ಲ ಗಲಾಟೆಯಲ್ಲಿ ನನಗೆ ಅದೊಂದೇ ಕೇಳಿಸಿತು.

ನಾಲ್ಕು ಜನ ಹಿಡಿದು ಅವಳನ್ನು ಇಳಿಸಿದೆವು. ಡಾಕ್ಟರು ಅವಳನ್ನು ಅದೇ ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಬ್ಯಾಟರಿ ಬಿಟ್ಟು ನೋಡಿದರು. ತುಂಬ ಹೊತ್ತು ನೋಡಿದರು.

“ಹಲ್ಲು ಬೇರಿನ ತನಕ ಸೀಳಿದೆ,” ಎಂದರು. “ಇನ್ನು ಉಳಿಸೋಕ್ಕಾಗಲ್ಲ.”

ಗಿರಿಜೆ ನನ್ನ ಕಡೆ ನೋಡಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ನೆಲ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಹೇಳಿಕೆ ಬರೆದುಕೊಡಲು ನನ್ನನ್ನು ಆಸ್ಪತ್ರೆಗೆ ಕರೆಸಿದರು. ‘ಸದರಿ ಕುರ್ಚಿಯನ್ನು ನಾನು ಸ್ವ-ಇಚ್ಛೆಯಿಂದ, ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಬರೆಯುವಷ್ಟರಲ್ಲಿ ಒಬ್ಬ ಮನುಷ್ಯ ದೊಡ್ಡ ಚೀಲ ಹೊತ್ತು ಒಳಗೆ ಬಂದ. ಕಂಪನಿಯ ಮೆಕ್ಯಾನಿಕ್! ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ. ಬರುತ್ತೇವೆ ಎಂದ ವಾರದಲ್ಲೇ, ಹೇಳಿದ ಹಾಗೆಯೇ ಬಂದಿದ್ದ. ನನ್ನ ಮೂವತ್ತು ವರ್ಷದ ಅನುಭವದಲ್ಲಿ ಹೀಗೆ ಆದದ್ದೇ ಇಲ್ಲ!

ಅವನ ಚೀಲದಲ್ಲಿ ಹೊಸ ಸೀಲು ಇತ್ತು, ಸರಿಯಾದ ಅಳತೆಯದು. ಅವನು ಕುರ್ಚಿಯ ಬುಡ ನೋಡಿದ. ಕುಂಕುಮ ನೋಡಿದ. ಸ್ಕ್ರೂ ನೋಡಿದ.

“ಇಲ್ಲಿದ್ದ ಸ್ಟಿಕ್ಕರ್ ಎಲ್ಲೈತ್ರಿ?”

ನಾನು ಗೋಡೆ ತೋರಿಸಿದೆ.

“ನೀಟಾಗಿ ಹಚ್ಚೀರಿ ಬಿಡ್ರಿ,” ಎಂದು ಅವನು ಚೀಲದ ಜಿಪ್ಪು ಎಳೆದ. “ಹೊರಗಿನವರು ಬಿಚ್ಚಿದ್ರ ಬಿಟ್ಟಿ ರಿಪೇರಿ ಇಲ್ಲ ಅಂತ ಅದರಾಗ ಬರದೈತಿ. ನಾ ಇನ್ನ ಮುಟ್ಟಂಗಿಲ್ರಿ. ಈಗ ಮೋಟರೂ ಸುಟ್ಟೈತಿ.”

ಡಾಕ್ಟರು ಸಿಟ್ಟು ಮಾಡಲಿಲ್ಲ. ರೋಗಿಗಳ ನೀಲಿ ಕುರ್ಚಿಯಲ್ಲಿ ತಾವೇ ಕುಳಿತರು.

“ಇವರನ್ನ ಇಲ್ಲಿಗೆ ಕರೆಸೋಕೆ ನಾನು ಎಷ್ಟು ಪತ್ರ ಬರೆದಿದ್ದೆ ಗೊತ್ತಾ?” ಎಂದರು.

ನಾನು ಹೇಳಿಕೆಯಲ್ಲಿ ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂಬುದನ್ನು ಹೊಡೆದುಹಾಕಿದೆ.

ಸುಬ್ರಾಯನಿಗೆ ನೋಟೀಸು ಬಂತು. ಆಮೇಲೆ ಘಟ್ಟದ ಬುಡದ ಯಾವುದೋ ಆರೋಗ್ಯ ಕೇಂದ್ರಕ್ಕೆ ಹಾಕಿದರು. ಹೋಗುವಾಗ ಅವನು ನನ್ನ ರಿಪೇರಿ ಅಂಗಡಿಯ ಮುಂದಿನಿಂದಲೇ ಹೋದ. “ಬತ್ತೆ ಗಣಪಣ್ಣ” ಎಂದ. ಅಷ್ಟೇ. ಅವನಾದರೂ ನಾಲ್ಕು ಮಾತು ಬೈಯಬಾರದಿತ್ತೇ!

ಕುರ್ಚಿ ಕೆಟ್ಟ ಅದೇ ವಾರದ ಗುರುವಾರ ಗಿರಿಜೆಯನ್ನು ಕಾರವಾರಕ್ಕೆ ಕರೆದುಕೊಂಡು ಹೋಗಿದ್ದೆ. ಮೊದಲ ದಿನವೇ ಹೋಗಬೇಕಿದ್ದ ದಾರಿಯಲ್ಲೇ, ಅದೇ ಬಸ್ಸಿನಲ್ಲಿ. ಅಲ್ಲಿಯ ಡಾಕ್ಟರು ಹಲ್ಲು ಕಿತ್ತರು. “ಸ್ವಲ್ಪ ಮುಂಚೆ ಬಂದಿದ್ರೆ” ಎಂದು ಶುರು ಮಾಡಿದವರು ನನ್ನ ಮುಖ ನೋಡಿ ಅಲ್ಲಿಗೇ ಬಿಟ್ಟರು. ಗಿರಿಜೆಯ ಬಾಯಲ್ಲಿ ಹತ್ತಿ ಇಟ್ಟು, ಕಚ್ಚಿ ಹಿಡಿದುಕೊಳ್ಳಿ, ಮಾತಾಡಬೇಡಿ ಎಂದರು.

ಮರಳಿ ಬರುವ ಬಸ್ಸಿನಲ್ಲಿ ಮಳೆ ಹೊಡೆಯುತ್ತಿತ್ತು. ಗಿರಿಜೆ ಕಿಟಕಿಯ ಪಕ್ಕ, ನಾನು ನಡುವೆ. ನನ್ನ ಈಚೆ ಹೊನ್ನಾವರಕ್ಕೆ ಹೋಗುವ ಒಬ್ಬ ಅಜ್ಜಿ, ಒಂದು ಕೈ ಗಲ್ಲದ ಮೇಲೆ. ಅಂಕೋಲಾ ದಾಟಿದ ಮೇಲೆ ಅವರು ನಮ್ಮನ್ನು ನೋಡಿ, ಬಾಯಿಯ ಒಂದು ತುದಿಯಿಂದ ಕಷ್ಟಪಟ್ಟು ಮಾತು ಹೊರಡಿಸಿದರು.

“ಹಲ್ಲಿಗೇ ಬಂದದ್ದಾ ತಮಾ?”

“ಹೌದು ಅಮ್ಮಾ. ನಿಮ್ದು ಆತಾ?”

“ಇಲ್ಲ. ಬಸ್ಸು ತಡ ಆಗಿ ಚೀಟಿ ಮಾಡೂ ಹೊತ್ತು ಮುಗದಿತ್ತು. ನಾಳೆ ಮತ್ತೆ ಬರೂದು.” ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದರು. “ಹತ್ರದ್ದೇ ಆಸ್ಪತ್ರೆಲಿ ಕುರ್ಚಿ ಸರಿ ಆಗೂದಿತ್ತಂತೆ. ಯಾವನೋ ಬೋಟಿನವ ಹೋಗಿ ಅದ್ರ ಮೇಲೆ ಕಾಯಿ ಒಡ್ದ್ನಂತೆ. ಹೌದಾ?”

ನಾನು ಹೊರಗಿನ ಮಳೆ ನೋಡಿದೆ.

“ಹೌದಂತೆ ಅಮ್ಮಾ,” ಎಂದೆ. “ಯಾರೋ ಒಬ್ಬ.”

ಕಿಟಕಿಯ ಕಡೆಯಿಂದ ಒಂದು ಕೈ ಮೆಲ್ಲನೆ ಎದ್ದಿತು. ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ಗಿರಿಜೆ, ಡಾಕ್ಟರ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತ, ಒಂದೂ ಮಾತಾಡದೆ, ತೋರುಬೆರಳನ್ನು ನನ್ನ ಎದೆಗೆ ಒತ್ತಿ ಹಿಡಿದಳು.

ಅಜ್ಜಿ ಆ ಬೆರಳನ್ನು ನೋಡಿದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆದರೆ ಬೈಯಲಿಲ್ಲ. ನನ್ನಂಥವನನ್ನು ಸರಿಯಾಗಿ ಬೈಯಬೇಕಾದರೆ ಬಾಯಿ ಪೂರ್ತಿ ತೆರೆಯಬೇಕಾಗುತ್ತದೆ. ಅವರಿಗೆ ಅದು ಆಗುತ್ತಿರಲಿಲ್ಲ.