ಒಂದು ಸಾಸಿವೆ ಗಿಡದ ವಿಚಾರಣೆ

ಸಾಕ್ಷ್ಯವಿಲ್ಲದೆ ತಮ್ಮ ಹಿತ್ತಿಲಲ್ಲಿ ಒಂದು ಗಿಡಕ್ಕೂ ಶಿಕ್ಷೆಯಾಗಕೂಡದು ಎಂದು ಗುಮಾಸ್ತರು ಘೋಷಿಸಿದರು. ಕೋರ್ಟಿನಲ್ಲಿ ಮೂವತ್ತು ವರ್ಷ ಫೈಲು ಹೊತ್ತವರು, ನ್ಯಾಯ ಎಂದರೇನೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆರೋಪಿಯೆಂದರೆ, ಹೆಂಡತಿಯ ಮೂಲಂಗಿ ಪಾತಿಯಲ್ಲಿ ತಾನಾಗಿ ಎದ್ದ ಒಂದು ಗಿಡ. ಎರಡು ವರ್ಷ ಗೊಬ್ಬರ ಹಾಕಿ ಹದ ಮಾಡಿದ ಆ ಪಾತಿ ಎಂದರೆ ಆಕೆಗೆ ಪ್ರಾಣ.

"ರೀ, ಅದು ಕಾಡು ಸಾಸಿವೆ. ಕಿತ್ತು ಬಿಸಾಕಿ," ಎಂದರು ಆಕೆ.

"ಎಲೆ ನೋಡಿದ್ರೆ ಮೂಲಂಗಿ ಥರಾನೇ ಇದೆ. ಬರೀ ಅನುಮಾನದ ಮೇಲೆ ಕೀಳೋಕಾಗುತ್ತಾ?"

"ಕಾಂಡ ಮುಟ್ಟಿ ನೋಡಿ, ಚುಚ್ಚುತ್ತೆ."

"ಮೂಲಂಗಿ ಎಲೇನೂ ಚುಚ್ಚುತ್ತೆ. ಹೂ ಬರಲಿ, ನೋಡೋಣ."

ಗುಮಾಸ್ತರು ಗ್ರಂಥಾಲಯದಿಂದ ಕಳೆಗಿಡಗಳ ದಪ್ಪ ಪುಸ್ತಕ ತಂದರು. ವಿಚಾರಣೆ ಮೂರು ವಾರ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಗಿಡ ಸೊಂಟದೆತ್ತರ ಬೆಳೆದು, ಮೂಲಂಗಿಗಳಿಗೆ ಬಿಸಿಲು ತಪ್ಪಿಸಿ, ನಾಲ್ಕೆಸಳಿನ ಹಳದಿ ಹೂ ಬಿಟ್ಟಿತು.

"ಮೂಲಂಗಿ ಹೂ ಹಳದಿ ಇರುತ್ತಾ? ಈಗಲಾದ್ರೂ ಕೀಳ್ತೀರಾ?"

"ಒಗ್ಗರಣೆ ಸಾಸಿವೆಗೂ ಹಳದಿ ಹೂವೇ. ಕಾಡು ಸಾಸಿವೆ ಆದ್ರೆ ಕಾಯಿ ತುದೀಲಿ ಉದ್ದನೆ ಕೊಕ್ಕು ಇರ್ಬೇಕಂತೆ. ಕಾಯಿ ಬಲೀಲಿ."

ಆಕೆ ತಾವೇ ಕೀಳಹೋದಾಗ ಗುಮಾಸ್ತರು ಸಾಕ್ಷ್ಯನಾಶವೆಂದು ಅಡ್ಡ ನಿಂತರು. ಆಕೆ ಸಿಟ್ಟಾಗಿ ಒಳಗೆ ಹೋಗಿಬಿಟ್ಟರು.

ಕೊನೆಗೊಂದು ಭಾನುವಾರ, ಕಾಯಿಗಳು ಬಲಿತು ಗರಿಗರಿಯಾಗಿ ಒಣಗಿದ ಮೇಲೆ, ಗುಮಾಸ್ತರು ಗಿಡವನ್ನು ಬೇರುಸಹಿತ ಕಿತ್ತರು. ಬಾವುಟದಂತೆ ಎತ್ತಿ ಹಿಡಿದು ಪಾತಿಯ ಉದ್ದಕ್ಕೂ ನಡೆದರು. ಪಕ್ಕದ ಮನೆಯವರು ಬೇಲಿಯಾಚೆಯಿಂದ ಏನದು ಎಂದು ಕೇಳಿದ್ದಕ್ಕೆ ಮತ್ತೆ ಪಾತಿ ದಾಟಿ ಹೋಗಿ, ಕೊಕ್ಕು ಕಾಣಲೆಂದು ಗಿಡವನ್ನು ಚೆನ್ನಾಗಿ ಅಲ್ಲಾಡಿಸಿದರು. ಕಾಯಿಗಳು ಚಟಚಟನೆ ಸಿಡಿದವು.

"ಕಾಡು ಸಾಸಿವೆನೇ. ಸಂಶಯವೇ ಇಲ್ಲ," ಎಂದು ಗಿಡವನ್ನು ಹೆಂಡತಿಯ ಮುಂದಿಟ್ಟರು. ಕಾಯಿಗಳೆಲ್ಲ ಖಾಲಿಯಾಗಿದ್ದವು.

ಆಕೆ ಪುಸ್ತಕ ತೆಗೆದುಕೊಂಡು, ಗುಮಾಸ್ತರು ಇನ್ನೂ ತಲುಪಿರದ ಪುಟವನ್ನು ನಿಧಾನವಾಗಿ ಓದಿದರು.

"ಅಗೆದು ಸಡಿಲ ಮಾಡಿದ ಮಣ್ಣು ಇದಕ್ಕೆ ಬಲು ಇಷ್ಟವಂತೆ. ಒಂದೊಂದು ಗಿಡದಲ್ಲಿ ಎರಡು ಮೂರು ಸಾವಿರ ಬೀಜ. ಮಣ್ಣೊಳಗೆ ಐವತ್ತು ವರ್ಷ ಬಿದ್ದಿದ್ರೂ ಮೊಳಕೆ ಒಡೀಬಹುದಂತೆ."

ಗುಮಾಸ್ತರು ಪಾತಿಯ ಕಡೆ ನೋಡಿದರು.

"ನೀವು ರಿಟೈರ್ ಆಗೋಕೆ ಇನ್ನೆಷ್ಟು ವರ್ಷ ಇದೆ?" ಆಕೆ ಕೇಳಿದರು.

"ನಾಲ್ಕು."

"ಅಲ್ಲೀತನಕ ಕಳೆ ನಾನು ಕೀಳ್ತೀನಿ. ಉಳಿದ ನಲವತ್ತಾರು ವರ್ಷ ನಿಮ್ಮದು."